ಹನ್ನೊಂದು ಹೂವು, ಹನ್ನೆರಡು ಸದ್ದು

ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೊದಲು ಒಂದು ಸಣ್ಣ ವಿಧಿ ನಡೆಯುತ್ತದೆ. ನನ್ನ ಹೆಂಡತಿ ಗಿರಿಜಾ ಡಬ್ಬಿಯಿಂದ ಒಂದು ಒಣಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತುತ್ತಾಳೆ, ಬಲಗಿವಿಯ ಹತ್ತಿರ ತಂದು ಎರಡು ಸಲ ಅಲುಗಿಸುತ್ತಾಳೆ. ಒಳಗಿನ ಬೀಜಗಳು ಗಿಲಿಗಿಲಿ ಎಂದರೆ ಮುರಿದು ಎಣ್ಣೆಗೆ ಹಾಕುತ್ತಾಳೆ, ಅನ್ನದಿದ್ದರೆ ಅದನ್ನು ಕಿಟಕಿಯ ಬಿಸಿಲಿಗೆ ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ. ಆಕೆಯ ತವರು ಬ್ಯಾಡಗಿ. ಆ ಊರಿನವರು ಮೆಣಸಿನಕಾಯಿಯನ್ನು ಮೊದಲು ಕೇಳುತ್ತಾರೆ, ಆಮೇಲೆ ನೋಡುತ್ತಾರೆ. ಬಣ್ಣ ಕಣ್ಣಿಗೆ ಸುಳ್ಳು ಹೇಳಬಹುದು, ಬೀಜ ಕಿವಿಗೆ ಹೇಳುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಮದುವೆಯಾಗಿ ಹಾವೇರಿಗೆ ಬಂದ ಮೇಲೂ ಆಕೆಯ ಕೈ ಆ ಅಭ್ಯಾಸವನ್ನು ಬಿಟ್ಟಿಲ್ಲ.

ಇಷ್ಟು ವರ್ಷಗಳಲ್ಲಿ ಒಂದೇ ಒಂದು ವಾರ ಆ ಸದ್ದು ನಮ್ಮ ಮನೆಯಲ್ಲಿ ಕೇಳಿಸಲಿಲ್ಲ. ಅದು ಯಾಕೆ ನಿಂತಿತು, ಹೇಗೆ ಮರಳಿತು ಎಂದು ನಿಮಗೆ ಹೇಳಬೇಕೆಂದರೆ ನಾನು ಉದ್ಯಾನಗಳ ವಿಷಯ, ಬಾಣಬಿರುಸಿನ ವಿಷಯ ಹೇಳಬೇಕಾಗುತ್ತದೆ. ಒಣಮೆಣಸಿನಕಾಯಿಗೂ ಆಕಾಶದ ಬೆಂಕಿಹೂವಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಉಂಟು. ಅದನ್ನು ನೂರಾ ಹತ್ತು ಅಡಿ ದೂರದಿಂದ ನಾನು ಕಣ್ಣಾರೆ ಕಂಡಿದ್ದೇನೆ. ದೂರವನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕ್ಷಮಿಸಿ. ನಾನು ಮೋಜಣಿದಾರನಾಗಿದ್ದವನು. ಮೂವತ್ತಮೂರು ವರ್ಷ ಜನರ ಹೊಲಗಳ ಮೇಲೆ ಸರಪಳಿ ಎಳೆದು, ಇದು ನಿನ್ನದು, ಅದು ಅವನದು ಎಂದು ಹೇಳಿ ನಿವೃತ್ತನಾದವನು. ಅಳೆಯದ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ.

ನಾನು ನಿವೃತ್ತನಾದ ಒಂದೆರಡು ವರ್ಷಕ್ಕೆ ಹೆದ್ದಾರಿಯನ್ನು ಅಗಲ ಮಾಡಿದರು. ರಸ್ತೆ ಅಗಲವಾದರೆ ಅದರ ಪಕ್ಕದಲ್ಲಿ ಆಸೆಗಳೂ ಅಗಲವಾಗುತ್ತವೆ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ತನ್ನದೇ ಒಂದು ಹೊಲದಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಿವಬಸಪ್ಪನವರು ಒಂದು ಉದ್ಯಾನ ಕಟ್ಟಿಸಿದರು. ಅಲ್ಲಿ ಸಿಮೆಂಟಿನ ಎತ್ತುಗಳು ಸಿಮೆಂಟಿನ ನೇಗಿಲು ಎಳೆಯುತ್ತಿದ್ದವು, ಸಿಮೆಂಟಿನ ಅಜ್ಜಿ ಸಿಮೆಂಟಿನ ರೊಟ್ಟಿ ಬಡಿಯುತ್ತಿದ್ದಳು, ಮಕ್ಕಳಿಗೆ ಜಾರುಬಂಡೆ, ದೊಡ್ಡವರಿಗೆ ಬಣ್ಣದ ಕಾರಂಜಿ, ಎಲ್ಲರಿಗೂ ಗಿರ್ಮಿಟ್ ಮತ್ತು ಮಿರ್ಚಿಭಜಿ. ಹೊಲದಲ್ಲಿ ದುಡಿಯುವ ಮಂದಿ ರವಿವಾರ ಟಂಟಂ ಹತ್ತಿ ಬಂದು, ಹೊಲದಲ್ಲಿ ದುಡಿಯುವ ಗೊಂಬೆಗಳನ್ನು ಚೀಟಿ ತೆಗೆಸಿ ನೋಡುವುದು ನನಗೆ ಮೊದಮೊದಲು ವಿಚಿತ್ರವೆನಿಸಿತ್ತು. ಆಮೇಲೆ ತಿಳಿಯಿತು. ಬೆವರದ ಎತ್ತನ್ನು ನೋಡುವುದೂ ಒಂದು ವಿಶ್ರಾಂತಿಯೇ.

ಶಿವಬಸಪ್ಪನವರಿಗೆ ಒಂದೇ ಕೊರಗು. ಸಂಜೆ ಐದೂವರೆಗೆ ಜನ ಎದ್ದು ಹೊರಡುತ್ತಿದ್ದರು. ಹಾಲು ಹಿಂಡಬೇಕು, ದೀಪ ಹಚ್ಚಬೇಕು, ಬಸ್ಸು ತಪ್ಪೀತು. ಕಾರಂಜಿಗೆ ಬಣ್ಣ ಬರುವ ಹೊತ್ತಿಗೆ ನೋಡಲು ಕಾವಲುಗಾರನೊಬ್ಬನೇ ಉಳಿಯುತ್ತಿದ್ದ. ಅದೇ ವರ್ಷ ಅವರು ವ್ಯಾಪಾರಿಗಳ ಗುಂಪಿನೊಡನೆ ಪರದೇಶ ಪ್ರವಾಸಕ್ಕೆ ಹೋಗಿ, ಅಲ್ಲಿನ ಒಂದು ದೊಡ್ಡ ಉದ್ಯಾನದಲ್ಲಿ ಬಾಗಿಲು ಮುಚ್ಚುವ ಮೊದಲು ಬಿಡುವ ಬಾಣಬಿರುಸು ನೋಡಿ ಬಂದರು. ಬಂದವರೇ, ಆ ಹೊಲ ಅಳೆದುಕೊಟ್ಟಿದ್ದ ನನ್ನನ್ನು ಕರೆಸಿ ಹೇಳಿದರು: "ಮೋಜಣಿ ಸಾಹೇಬ್ರ, ನನಗ ಗುಟ್ಟು ಗೊತ್ತಾತ್ರಿ. ಮ್ಯಾಲೆ ಹೂವು ಅರಳತಾವಂತ ಕಾಯ್ಕೋತ ಕುಂತ್ರ, ಕೆಳಗ ಭಜಿ ತಾನ ಖರ್ಚಾಕ್ಕತಿ."

ಅವರು ಹೇಳಿದ್ದು ಅವರೊಬ್ಬರು ಕಂಡುಕೊಂಡ ಗುಟ್ಟಾಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಿವೃತ್ತನಿಗೆ ಗ್ರಂಥಾಲಯ ಹತ್ತಿರ, ಸೈಬರ್ ಕೆಫೆ ಇನ್ನೂ ಹತ್ತಿರ. ನಾನು ಓದುತ್ತ ಹೋದೆ. ನಮ್ಮಿಂದ ಬಹಳ ದೂರವಲ್ಲದ ವಿಜಯನಗರದಲ್ಲಿ ಮಹಾನವಮಿಗೆ ಬಾಣಬಿರುಸು ಬಿಡುತ್ತಿದ್ದರೆಂದು ಹೊರದೇಶದಿಂದ ಬಂದವರು ಬೆರಗಿನಿಂದ ಬರೆದಿಟ್ಟಿದ್ದಾರೆ. ಅದು ಅರಸರ ಬೆಂಕಿ, ವೈಭವ ತೋರಿಸಲು ಹಚ್ಚಿದ್ದು. ಆಮೇಲೆ ಲಂಡನ್ನಿನಲ್ಲಿ ಹಣ ಕೊಟ್ಟು ಒಳಗೆ ಹೋಗುವ ವಿಹಾರದ ತೋಟಗಳು ಬಂದವು. ಅಲ್ಲಿ ಮರಗಳಿಗೆ ದೀಪ ತೂಗುಹಾಕಿ, ವಾದ್ಯ ನುಡಿಸಿ, ಕೊನೆಗೆ ಆಕಾಶಕ್ಕೆ ಬೆಂಕಿ ಹಾರಿಸುತ್ತಿದ್ದರು. ಅರಸನ ಬೆಂಕಿ ಚೀಟಿ ಕೊಂಡವನ ಬೆಂಕಿಯಾಯಿತು. ಕಳೆದ ಶತಮಾನದ ನಡುವೆ ಅಮೆರಿಕದಲ್ಲಿ ಕಥೆಯ ಕೋಟೆಗಳನ್ನು ಕಟ್ಟಿದ ಉದ್ಯಾನದವರಿಗೂ ಶಿವಬಸಪ್ಪನವರ ಕೊರಗೇ ಇತ್ತು. ಸಂಜೆಯಾದರೆ ಜನ ಮನೆಗೆ ಹೋಗುತ್ತಾರೆ. ಅವರನ್ನು ಊಟದ ಹೊತ್ತಿನತನಕ ನಿಲ್ಲಿಸಿಕೊಳ್ಳಲು ಕೋಟೆಯ ಹಿಂದಿನಿಂದ ಬೆಂಕಿಯ ಹೂವು ಹಾರಿಸತೊಡಗಿದರು. ಮುಂದೆ ಅದಕ್ಕೆ ಸಂಗೀತ ಸೇರಿತು, ಕಥೆ ಸೇರಿತು. ಕೈಯಿಂದ ಬತ್ತಿ ಹಚ್ಚುತ್ತಿದ್ದವನ ಜಾಗಕ್ಕೆ ಗುಂಡಿಯೊತ್ತುವವನು ಬಂದ, ಅವನ ಜಾಗಕ್ಕೆ ಕಂಪ್ಯೂಟರ್ ಬಂತು. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಣ್ಣ ವೈರುಧ್ಯ. ಬಾಣಬಿರುಸು ಜನರನ್ನು ನಿಲ್ಲಿಸುತ್ತದೆ, ಕೊನೆಯ ಗುಂಡು ಸಿಡಿದ ಮೇಲೆ ಇನ್ನು ಹೋಗಿ ಎಂದು ಕಳಿಸುವುದೂ ಅದೇ. ಒಳ್ಳೆಯ ಮನೆಯೊಡತಿಯ ಹಾಗೆ, ಬಾಗಿಲಲ್ಲಿ ತಡೆದು ಕುಂಕುಮವಿಟ್ಟು ಕಳಿಸಿಕೊಡುತ್ತದೆ.

ನಮ್ಮ ಉದ್ಯಾನಕ್ಕೆ ಕಂಪ್ಯೂಟರ್ ಇರಲಿಲ್ಲ. ರಾಣೆಬೆನ್ನೂರಿನ ಖಾಜಾಸಾಬರು ಇದ್ದರು. ಮೂರು ತಲೆಮಾರಿನಿಂದ ಸಿಡಿಮದ್ದಿನ ಕೆಲಸ ಮಾಡಿಕೊಂಡು ಬಂದ ಮನೆತನ. ಎಡಗೈಯ ಎರಡು ಬೆರಳ ತುದಿ ಇರಲಿಲ್ಲ, ಕಿವಿ ಅರ್ಧ ಮಂದವಾಗಿತ್ತು. ಆದರೆ ಅವರು ಬತ್ತಿ ಹಚ್ಚುವ ರೀತಿ ದೇವರ ಮನೆಯಲ್ಲಿ ದೀಪ ಹಚ್ಚಿದ ಹಾಗೆ ಇರುತ್ತಿತ್ತು. "ನಮ್ಮ ಗುಂಡು ಬ್ಯಾಡಗಿ ಮೆಣಸಿನಕಾಯಿ ಇದ್ದಂಗರಿ, ಬಣ್ಣ ಬಾಳ, ಖಾರ ಕಡಿಮಿ" ಎಂದು ಅವರು ಶಿವಬಸಪ್ಪನವರನ್ನು ಒಲಿಸಿಕೊಂಡಿದ್ದರು. ಅವರ ಕೈಕೆಳಗೆ ಕೆಲಸಕ್ಕೆ ಬಂದವನು ನನ್ನ ಹೆಂಡತಿಯ ತಮ್ಮ ಫಕ್ಕೀರಪ್ಪ. ಐವತ್ತರ ಹತ್ತಿರದವನು, ಶಿವಬಸಪ್ಪನವರ ಅಂಗಡಿಯಲ್ಲಿ ಮೆಣಸಿನಕಾಯಿಯ ದರ್ಜೆ ಬೇರೆ ಮಾಡುವವನು. ಮಾಲು ಒಣಗಿದೆಯೋ ಇಲ್ಲವೋ ಎಂಬುದಕ್ಕೆ ಅವನ ಕಿವಿಯೇ ಪ್ರಮಾಣವೆಂದು ಪೇಟೆ ಒಪ್ಪಿಕೊಂಡಿತ್ತು. ವಾರವೆಲ್ಲ ಮೆಣಸಿನಕಾಯಿ, ರವಿವಾರ ಮದ್ದು. ಅವನಿಗೆ ರವಿವಾರವೇ ನಿಜವಾದ ಕೆಲಸವೆನಿಸಿತ್ತು.

ನಾನು ಅಲ್ಲಿ ಅಳತೆಯವನು. ಗುಂಡು ಹಾರಿಸುವ ಹನ್ನೆರಡು ಕಬ್ಬಿಣದ ಕೊಳವೆಗಳನ್ನು ಒಂದೇ ಸಾಲಿನಲ್ಲಿ ಹೂಳಿಸಿ, ಸುತ್ತ ಸುಣ್ಣದ ಗೆರೆ ಎಳೆಸಿ, ಜನ ಕೂರುವ ಜಾಗಕ್ಕೆ ಹಗ್ಗ ಕಟ್ಟಿಸಿದವನು. ಪ್ರದರ್ಶನದ ಹೊತ್ತಿನಲ್ಲಿ ನನಗೆ ಒಂದೇ ಕೆಲಸ. ಖಾಜಾಸಾಬರು ಒಂದು ಬತ್ತಿಗೆ ಬೆಂಕಿ ಮುಟ್ಟಿಸಿ ಹಿಂದೆ ನೋಡದೆ ಮುಂದಿನದಕ್ಕೆ ನಡೆಯುವರು; ಹಿಂದೆ ನೋಡುವುದು ನನ್ನ ಪಾಲು. ಹನ್ನೆರಡೂ ಹಾರಿದವೆಂದು ಖಾತ್ರಿಯಾದ ಮೇಲೆ ನಾನು ಹಸಿರು ಕಾಗದ ಸುತ್ತಿದ ಬ್ಯಾಟರಿ ದೀಪವನ್ನು ಎತ್ತಿ ತೋರಿಸಬೇಕು. ಆಗ ಫಕ್ಕೀರಪ್ಪ ಸುಣ್ಣದ ಗೆರೆ ದಾಟಿ, ಕೊಳವೆಗಳಿಗೆ ನೀರು ಸುರಿಯುತ್ತ ಬರಬೇಕು. ಒಂದಾದರೂ ಹಾರದಿದ್ದರೆ ಹಸಿರು ತೋರಿಸುವಂತಿಲ್ಲ, ಅರ್ಧ ತಾಸು ಯಾರೂ ಒಳಗೆ ಕಾಲಿಡುವಂತಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಎರಡು ವರ್ಷ ಆ ಪ್ರದರ್ಶನ ನಡೆಸಿಕೊಟ್ಟ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ. ನನ್ನ ಕಣ್ಣು ಕೊಳವೆಗಳ ಸಾಲಿನ ಮೇಲೆ, ಕೈಯಲ್ಲಿ ಮೋಜಣಿಯ ಹಳೆಯ ಪುಸ್ತಕ. ನೆಲದಲ್ಲಿ ಧುಪ್ ಎಂದು ಸದ್ದಾದಾಗಲೆಲ್ಲ ಒಂದು ಗೀಟು. ಆಕಾಶ ನನ್ನ ಸರಹದ್ದಿನ ಹೊರಗಿತ್ತು. ನೆಲ ಅಳೆದವನಿಗೆ ನೆಲವೇ ಸಾಕು ಎಂಬ ಸಣ್ಣ ಜಂಬವೂ ನನಗಿತ್ತು.

ಆ ಮಾಘದಲ್ಲಿ ಅಕಾಲದ ಮಳೆ ಬಂತು. ದೊಡ್ಡ ಮಳೆಯಲ್ಲ, ಎರಡು ದಿನ ಬಿಟ್ಟು ಬಿಟ್ಟು ತುಂತುರು. ಬ್ಯಾಡಗಿಯ ಕಣಗಳಲ್ಲಿ ಹರವಿದ್ದ ಮೆಣಸಿನಕಾಯಿಗೆ ತಾಡಪತ್ರಿ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ಜನ ಸೋತಿದ್ದರು. ಆ ವಾರ ಇಡೀ ಪೇಟೆ ಕಿವಿಗೆ ಮೆಣಸಿನಕಾಯಿ ಹಿಡಿದು ನಿಂತಿತ್ತು. ಫಕ್ಕೀರಪ್ಪ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡಿ, ರವಿವಾರ ನೇರವಾಗಿ ಉದ್ಯಾನಕ್ಕೆ ಬಂದಿದ್ದ. ಆ ಹೊತ್ತಿಗೆ ಆಕಾಶ ತಿಳಿಯಾಗಿತ್ತು.

ಏಳೂವರೆಗೆ ಸುರುವಾಯಿತು. ನಾನು ಹನ್ನೆರಡು ಸದ್ದು ಎಣಿಸಿದೆ. ಒಂಬತ್ತನೆಯದು ತುಸು ಮೆತ್ತಗಿತ್ತು. ಮೆತ್ತಗಿದ್ದುದು ನನಗೆ ಕೇಳಿಸಿತ್ತು ಎಂಬುದನ್ನು ನಾನು ಇಲ್ಲಿ ಬರೆಯಲೇಬೇಕು. ಕೇಳಿಸಿದರೂ ಗೀಟು ಎಳೆದೆ. ಹನ್ನೆರಡನೆಯ ಗೀಟಾದ ಮೇಲೆ ಹಸಿರು ಬ್ಯಾಟರಿ ಎತ್ತಿದೆ.

ಫಕ್ಕೀರಪ್ಪ ಒಳಗೆ ಹೋದ. ಮೊದಲ ಕೊಳವೆಗೆ ನೀರು ಸುರಿದ, ಎರಡನೆಯದಕ್ಕೆ, ಮೂರನೆಯದಕ್ಕೆ. ಒಂಬತ್ತನೆಯದರ ಮುಂದೆ ನಿಂತು ಬಗ್ಗಿ ನೋಡಿದ. ತಂಬಿಗೆಯನ್ನು ಕೆಳಗಿಟ್ಟ. ಕೊಳವೆಯೊಳಗೆ ಕೈ ಹಾಕಿ, ತೆಂಗಿನಕಾಯಿಯಷ್ಟು ದಪ್ಪದ ಗುಂಡನ್ನು ದಾರ ಹಿಡಿದು ಮೇಲೆತ್ತಿದ. ಒಳಗಿನ ಮದ್ದು ತೇವಕ್ಕೆ ಸೋತು, ಗುಂಡನ್ನು ಮೇಲೆ ತಳ್ಳಲಾರದೆ ಬರಿ ಕೆಮ್ಮಿ ಸುಮ್ಮನಾಗಿತ್ತು. ಅದು ನನಗೆ ಅರ್ಥವಾಗುವಷ್ಟರಲ್ಲಿ ಅವನು ಆ ಗುಂಡನ್ನು ಬಲಗಿವಿಯ ಹತ್ತಿರ ತಂದು ಎರಡು ಸಲ ಅಲುಗಿಸಿದ.

ಹಸಿಯೋ ಒಣಗಿದೆಯೋ ಎಂದು ಕೇಳುತ್ತಿದ್ದ. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಅರೆಮುಚ್ಚಿ, ವಾರವೆಲ್ಲ ಕೇಳಿದ ಹಾಗೆಯೇ. ಖಾಜಾಸಾಬರು ಕೂಗಿದರು: "ಏ ಫಕ್ಕೀರಪ್ಪಾ! ಮೆಣಸಿನಕಾಯಿ ಅಲ್ಲೋ ಅದು! ಕೆಳಗಿಡು, ಸಾವಕಾಶ ಇಡು, ಇತ್ಲಾಗ ಬಾ!" ಅವನು ಇಟ್ಟ. ಹದಿನೇಳು ಹೆಜ್ಜೆ ನಡೆದು ಗೆರೆಯ ಹೊರಗೆ ಬಂದ. ಏನೂ ಆಗಲಿಲ್ಲ. ಅರ್ಧ ತಾಸು ಕಾದು, ಖಾಜಾಸಾಬರು ಗುಂಡನ್ನು ನೀರಿನ ಪೀಪಾಯಿಯಲ್ಲಿ ಮುಳುಗಿಸಿದರು. ಹಗ್ಗದಾಚೆಯ ಜನ ಇದೂ ಒಂದು ಆಟವೆಂದುಕೊಂಡು ಚಪ್ಪಾಳೆ ತಟ್ಟಿ ಎದ್ದರು.

ಶಿವಬಸಪ್ಪನವರು ಭಜಿ ಅಂಗಡಿಯ ಕಡೆಯಿಂದ ಓಡಿ ಬಂದರು. "ಫಕ್ಕೀರ್‍ಯಾ, ಬುದ್ಧಿ ಐತೇನಲೇ ನಿನಗ? ಹಸಿರು ಬ್ಯಾಟರಿ ತೋರಸೂಕಿಂತ ಮೊದ್ಲ ಒಳಗ್ಯಾಕ ನುಗ್ಗಿದಿ?"

ಫಕ್ಕೀರಪ್ಪ ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ತಪ್ಪಾತ್ರಿ, ಸಾಹುಕಾರ್‍ರ" ಎಂದ.

"ನಾಳಿಂದ ಈ ಕಡೆ ಮಾರಿ ತೋರಸಬ್ಯಾಡ. ಅಂಗಡ್ಯಾಗ ಮೆಣಸಿನಕಾಯಿ ಅಳ್ಳಾಡಸ್ಕೋತ ಕುಂದ್ರು."

ಆರಿಸಿದ ಹಸಿರು ಬ್ಯಾಟರಿ ಆಗ ನನ್ನ ಕೈಯಲ್ಲೇ ಇತ್ತು. ಅಕ್ಕನ ಗಂಡನ ಮಾನಕ್ಕಾಗಿ ಅವನು ತಪ್ಪನ್ನು ತನ್ನ ಮೇಲೆ ಎಳೆದುಕೊಂಡ. ನಾನು ಅದನ್ನು ಎಳೆದುಕೊಳ್ಳಲು ಬಿಟ್ಟೆ. ನನ್ನ ವೃತ್ತಿಯಲ್ಲಿ ಒಬ್ಬನ ನೆಲ ಇನ್ನೊಬ್ಬನಿಗೆ ಸೇರದಂತೆ ನೋಡಿಕೊಂಡವನು, ನನ್ನದೇ ತಪ್ಪನ್ನು ಇನ್ನೊಬ್ಬನ ಹೆಸರಿಗೆ ಹಚ್ಚಿಕೊಟ್ಟು ಮನೆಗೆ ಬಂದೆ.

ಬುಧವಾರ ಬೇರೆ ಕೆಲಸಕ್ಕೆ ಬ್ಯಾಡಗಿಗೆ ಹೋದವನು ಅಂಗಡಿಯ ಮುಂದೆ ಹಾದೆ. ಒಳಗೆ ನಗು. ಹಮಾಲರಲ್ಲೊಬ್ಬ ಒಂದು ಮೆಣಸಿನಕಾಯಿಯನ್ನು ಫಕ್ಕೀರಪ್ಪನ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. "ನೋಡು ಮಾರಾಯಾ, ಒಣಗೇತೇನು? ಹುಷಾರಪಾ, ಢಂ ಅಂದೀತು!" ಇನ್ನೊಬ್ಬ ಚೀಲದ ಹಿಂದೆ ಅಡಗಿ "ಢಂ!" ಎಂದ. ಫಕ್ಕೀರಪ್ಪನೂ ನಕ್ಕ. ಆದರೆ ಮುಂದೆ ರಾಶಿಯಿಂದ ಎತ್ತಿಕೊಂಡ ಮೆಣಸಿನಕಾಯಿಯನ್ನು ಅವನು ಕಿವಿಗೆ ಹಿಡಿಯಲಿಲ್ಲ. ಬೆರಳಿನಿಂದ ಒತ್ತಿ ನೋಡಿ ಬದಿಗಿಟ್ಟ. ಪೇಟೆ ನಂಬಿದ್ದ ಕಿವಿ ತನ್ನನ್ನೇ ನಂಬುವುದನ್ನು ಬಿಟ್ಟಿತ್ತು. ನಾನು ಒಳಗೆ ಹೋಗದೆ ಬಸ್ಸು ಹಿಡಿದೆ.

ಮರುದಿನ ಅಡುಗೆಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಸಾಸಿವೆ ಸಿಡಿಯಿತು, ಕರಿಬೇವು ಚುರುಗುಟ್ಟಿತು. ನಡುವೆ ಗಿಲಿಗಿಲಿ ಇರಲಿಲ್ಲ. ಬಾಗಿಲಿಗೆ ಬಂದು ನೋಡಿದೆ. ಗಿರಿಜಾ ಮೆಣಸಿನಕಾಯಿಯನ್ನು ಡಬ್ಬಿಯಿಂದ ತೆಗೆದು, ತಮ್ಮನಂತೆಯೇ ಬೆರಳಲ್ಲಿ ಒತ್ತಿ, ಮುರಿದು ಹಾಕುತ್ತಿದ್ದಳು. ಯಾವಾಗಿನಿಂದ ಹೀಗೆ ಎಂದು ಲೆಕ್ಕ ಹಾಕಿದರೆ ಸೋಮವಾರದಿಂದ ಆ ಸದ್ದು ನನ್ನ ನೆನಪಿನಲ್ಲಿ ಇರಲಿಲ್ಲ.

"ಯಾಕ, ಅಳ್ಳಾಡಸೂದ ಬಿಟ್ಟಿ?" ಎಂದೆ.

ಆಕೆ ನನ್ನ ಕಡೆ ತಿರುಗದೆ ಹೇಳಿದಳು: "ಆ ಸಪ್ಪಳ ಕೇಳಿದ್ರ ನಿಮಗ ತ್ರಾಸಾಗ್ತೈತೇನೋ ಅಂತ ಬಿಟ್ಟೇನಿ." ಉರಿ ಸಣ್ಣ ಮಾಡಿದಳು. "ರವಿವಾರ ನಾನು ಮುಂದಿನ ಸಾಲಿನ್ಯಾಗ ಕುಂತಿದ್ದೆ, ನೆನಪೈತಿಲ್ಲ? ಹೂವು ಅರಳಿದ್ದು ಹನ್ನೊಂದರಿ. ಹನ್ನೆರಡನೇದು ಯಾವಾಗ ಬರತೈತಂತ ಮ್ಯಾಲೆ ನೋಡ್ಕೋತ ಕುಂತಿದ್ದೆ. ಅಷ್ಟರಾಗ ನಿಮ್ಮ ಹಸಿರು ಬ್ಯಾಟರಿ ಎದ್ದಿತು. ನೀವು ಒಮ್ಮೆ ಕತ್ತೆತ್ತಿ ನೋಡಿದ್ರ ಸಾಕಿತ್ತು."

ನಾಲ್ಕು ದಿನ ಆಕೆ ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ತಮ್ಮನ ಹೆಸರು ಕೆಟ್ಟದ್ದು ಆಕೆಗೆ ಗೊತ್ತಿತ್ತು. ಗಂಡ ತಾನೇ ಹೇಳಲಿ ಎಂದು ಕಾದಿದ್ದಳು. ಚಿಕ್ಕ ಮಗುವೂ, ಭಜಿ ತಿನ್ನುತ್ತ ಕೂತವರೂ ಸರಿಯಾಗಿ ಎಣಿಸಬಹುದಾಗಿದ್ದ ಒಂದು ಲೆಕ್ಕವನ್ನು ಅಲ್ಲಿ ತಪ್ಪಿದವನು ಎಣಿಸಲೆಂದೇ ನಿಂತಿದ್ದವನೊಬ್ಬನೇ.

ಶನಿವಾರ ಬ್ಯಾಡಗಿಗೆ ಹೋದೆ. ಶಿವಬಸಪ್ಪನವರು ಗಾದಿಯ ಮೇಲೆ ಇದ್ದರು, ಹಮಾಲರು ಚಹಾ ಕುಡಿಯುತ್ತಿದ್ದರು, ಫಕ್ಕೀರಪ್ಪ ರಾಶಿಯ ಹತ್ತಿರ ಕೂತಿದ್ದ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಕಲಿತುಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಆವತ್ತು ಹಸಿರು ಬ್ಯಾಟರಿ ನಾನ ತೋರಿಸಿದ್ದೆ. ತೋರಿಸಿದ ಮ್ಯಾಲೇನ ಫಕ್ಕೀರಪ್ಪ ಒಳಗ ಹೋಗ್ಯಾನ. ಎಣಿಕಿ ತಪ್ಪಿದ್ದು ನಂದು" ಎಂದಷ್ಟೇ ಹೇಳಿದೆ.

ಶಿವಬಸಪ್ಪನವರು ಗಲಿಬಿಲಿಗೊಂಡರು. "ಹೋಗ್ಲಿ ಬಿಡ್ರಿ ಸಾಹೇಬ್ರ, ದೊಡ್ಡವ್ರು ನೀವು, ಆದದ್ದು ಆತು" ಎಂದು ಮುಚ್ಚಿಹಾಕಲು ನೋಡಿದರು. ಆದರೆ ಹಮಾಲರ ಪೈಕಿ ಮುದುಕನೊಬ್ಬ ಬಟ್ಟಲು ಕೆಳಗಿಟ್ಟು ಗಂಭೀರವಾಗಿ ಕೇಳಿದ: "ಹಂಗಾದ್ರ ನಮ್ಮ ಹೊಲದ ಮೋಜಣಿನೂ ಇನ್ನೊಮ್ಮೆ ಮಾಡಸೂಣೇನ್ರಿ, ಸಾಹೇಬ್ರ?"

ಅಂಗಡಿ ನಕ್ಕಿತು. ಆ ನಗುವಿನಲ್ಲಿ ನನ್ನ ಮೂವತ್ತಮೂರು ವರ್ಷ ಒಂದು ಕ್ಷಣ ಅಲುಗಾಡಿತು. ನಾನೂ ನಕ್ಕೆ, ಯಾಕೆಂದರೆ ಅದು ನ್ಯಾಯವಾದ ಪ್ರಶ್ನೆ. ಫಕ್ಕೀರಪ್ಪ ಎದ್ದು ಬಂದು, "ಮಾಮಾ, ಇಷ್ಟಕ್ಕ ಬಿಸಿಲಾಗ ಬಂದ್ರೇನು? ಕುಂದರ್‍ರಿ, ಚಾ ತಗೋರಿ" ಎಂದ. ಅವನು ನನ್ನ ಮುಖ ನೋಡಲಿಲ್ಲ. ಮರಳಿ ರಾಶಿಯ ಹತ್ತಿರ ಕೂತು, ಒಂದು ಮೆಣಸಿನಕಾಯಿ ಎತ್ತಿ, ತಲೆ ವಾಲಿಸಿ, ಕಿವಿಗೆ ಹಿಡಿದ.

ಮುಂದಿನ ರವಿವಾರ ಫಕ್ಕೀರಪ್ಪ ಉದ್ಯಾನಕ್ಕೆ ಬರುವಾಗ ಜೇಬಿನಲ್ಲಿ ಹನ್ನೆರಡು ಮೆಣಸಿನಕಾಯಿ ತಂದಿದ್ದ. ಕೊಳವೆಗಳ ಬಾಯಿಗೆ ತೇವ ತಾಗದಂತೆ ಕಾಗದ ಕಟ್ಟಿ, ಒಂದೊಂದು ಕಾಗದಕ್ಕೂ ಒಂದೊಂದು ಕೆಂಪು ಮೆಣಸಿನಕಾಯಿ ಸಿಕ್ಕಿಸಿದ. "ಮೆಣಸಿನಕಾಯಿ ಹಾರಿದ್ರ ಗುಂಡು ಹಾರೇತಿ. ಕುಂತಿದ್ರ ಗುಂಡೂ ಒಳಗ ಕುಂತೈತಿ. ದೂರದಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದ್ರಾತು." ಖಾಜಾಸಾಬರು ಆ ಸಾಲನ್ನು ನೋಡಿ, "ಮೂರು ತಲಿಮಾರು ನಮಗಿದು ಹೊಳೀಲಿಲ್ಲ ನೋಡ್ರಿ" ಎಂದರು. ಖಾರ ಕಡಿಮೆಯೆಂದು ಹೆಸರಾದರೂ ಸುಟ್ಟರೆ ಯಾವ ಮೆಣಸಿನಕಾಯಿಯೂ ಬಿಡುವುದಿಲ್ಲ. ಮೊದಲ ದಿನ ಗಾಳಿ ಹಗ್ಗದ ಕಡೆಗೆ ತಿರುಗಿ, ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಸೀನಿದರು. ಮಾರಲು ಇಟ್ಟ ಮಜ್ಜಿಗೆಯೆಲ್ಲ ಖಾಲಿಯಾಯಿತೆಂದು ಶಿವಬಸಪ್ಪನವರು ಸಂತೋಷಪಟ್ಟರು.

ಅವತ್ತು ನಾನು ನೆಲದ ಸದ್ದಿಗೆ ಗೀಟು ಎಳೆಯಲಿಲ್ಲ. ಕತ್ತೆತ್ತಿದೆ. ಮೊದಲನೆಯದು ಹಸಿರಾಗಿ ಅರಳಿ, ಅಂಚಿನಲ್ಲಿ ಬಂಗಾರವಾಗಿ, ಇಳಿಯುವಾಗ ಸಣ್ಣಗೆ ಉದುರಿತು. ಎರಡು ವರ್ಷ ನನ್ನ ತಲೆಯ ಮೇಲೆಯೇ ಇಂಥದು ನಡೆಯುತ್ತಿತ್ತು! ಏಳನೆಯದಕ್ಕೆ ಬಂದಾಗ ಎಣಿಕೆ ಎಲ್ಲಿ ತಪ್ಪೀತೋ ಎಂದು ಹೆದರಿ ಗಿರಿಜಾ ಕೂತ ಕಡೆ ನೋಡಿದೆ. ಆಕೆ ಏಳು ಬೆರಳು ಎತ್ತಿ ತೋರಿಸಿದಳು.

ಉದ್ಯಾನಗಳ ಬಾಣಬಿರುಸಿನ ಇತಿಹಾಸ ಬರೆದವರೆಲ್ಲ ಮೇಲೆ ನೋಡಿದವರು. ಬಣ್ಣ, ಎತ್ತರ, ಬೆರಗು ಎಲ್ಲ ಅದರಲ್ಲಿ ಇದೆ. ಕೋಟೆಯ ಹಿಂದೆ ಕತ್ತಲಲ್ಲಿ ಬೆನ್ನು ಬಗ್ಗಿಸಿ, ಹಾರದೆ ಉಳಿದದ್ದು ಯಾವುದು ಎಂದು ಹುಡುಕುತ್ತಿದ್ದವರ ಪುಟ ನನಗೆ ಸಿಕ್ಕಲಿಲ್ಲ. ಅಲ್ಲಿಯೂ ಒಬ್ಬ ಎಣಿಸುವವನು ಇದ್ದಿರಬೇಕು, ಅವನ ಮಾತು ನಂಬಿ ಒಳಗೆ ಹೋಗುವ ಒಬ್ಬ ಫಕ್ಕೀರಪ್ಪ ಇದ್ದಿರಬೇಕು, ಮೇಲೆ ನೋಡುತ್ತ ಸರಿಯಾಗಿ ಎಣಿಸಿದ ಒಬ್ಬಳು ಇದ್ದಿರಬೇಕು. ಎಲ್ಲ ಹಾರಿದ ರಾತ್ರಿಗಳಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಅದೇ ಅವರ ಪುಣ್ಯ.

ಇನ್ನೂ ಮೂರು ಹಂಗಾಮು ನಮ್ಮ ಹೂವು ಅರಳಿದವು. ಆಮೇಲೆ ಖಾಜಾಸಾಬರ ಕಣ್ಣು ಮಂದವಾಯಿತು. ಶಿವಬಸಪ್ಪನವರು ಕಾರಂಜಿಗೆ ಲೇಸರ್ ಬೆಳಕು ಹಾಕಿಸಿದರು. ದೊಡ್ಡ ದೇಶಗಳಲ್ಲೂ ಹೊಗೆ ಕಡಿಮೆ ಮಾಡಲೆಂದು ಗಾಳಿಯ ಒತ್ತಡದಿಂದ ಗುಂಡು ಹಾರಿಸುತ್ತಾರಂತೆ. ಒಳ್ಳೆಯದೇ. ಲೇಸರಿನಲ್ಲಿ ಹಾರದೆ ಉಳಿಯುವುದು ಏನೂ ಇಲ್ಲ. ಫಕ್ಕೀರಪ್ಪ ಈಗಲೂ ಅಂಗಡಿಯಲ್ಲಿದ್ದಾನೆ. ಹಮಾಲರು ಈಗಲೂ "ಢಂ" ಎನ್ನುತ್ತಾರಂತೆ. "ಹೌದಪಾ, ಮಾಮಾ ಹಸಿರು ತೋರಿಸ್ಯಾರ" ಎಂದು ಅವನು ತಿರುಗಿ ಕೊಡುತ್ತಾನಂತೆ. ಆ ಮಾತಿಗೆ ನನ್ನ ಅಭ್ಯಂತರವಿಲ್ಲ.

ನಾನು ಬ್ಯಾಡಗಿಯಿಂದ ಮರಳಿದ ಆ ಶನಿವಾರದ ಸಂಜೆಯೇ ಸದ್ದು ಮನೆಗೆ ಮರಳಿತ್ತು. ಗಿರಿಜಾ ಒಮ್ಮೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ಡಬ್ಬಿ ತೆಗೆದಳು. ಗಿಲಿಗಿಲಿ ಎಂದಿತು. ಈಗ ಕೆಲವೊಮ್ಮೆ, ನಾನು ಬಾಗಿಲಲ್ಲಿ ನಿಂತಿದ್ದರೆ, "ನಿಮ್ಮ ಕಿವಿ ಚಲೋ ಅದಾವು, ಒಣಗೇತೇನು ನೋಡ್ರಿ" ಎಂದು ನನ್ನ ಕೈಗೇ ಕೊಡುತ್ತಾಳೆ. ನಾನು ತೊಟ್ಟು ಹಿಡಿದು ಕಿವಿಯ ಹತ್ತಿರ ತಂದು ಎರಡು ಸಲ ಅಲುಗಿಸುತ್ತೇನೆ. ಕೇಳಿಸಿದ್ದನ್ನು ಮಾತ್ರ ನಂಬಿ ಕೊಟ್ಟುಬಿಡುವುದಿಲ್ಲ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕತ್ತೆತ್ತಿ, ಒಮ್ಮೆ ನೋಡಿಯೂ ನೋಡುತ್ತೇನೆ. ತೆಳ್ಳಗಿನ ಕೆಂಪು ಸಿಪ್ಪೆಯ ಒಳಗೆ ಬೀಜಗಳ ನೆರಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಆಗತಾನೇ ಅರಳಿದ ಹಾಗೆ. ಅವನ್ನು ಎಣಿಸಲು ಹೋಗುವುದಿಲ್ಲ.